ಎರಡು ಒರೆಗಲ್ಲು

"ಇನ್ನೊಮ್ಮೆ ಊದ್ರಿ," ಎಂದರು ಡಾಕ್ಟರ್ ದಸ್ತಗೀರ್.

ಮಾನ್ವಿಯ ಅಕ್ಕಸಾಲಿಗ ಮೌನಪ್ಪ ಮೀಟರಿನ ಕೊಳವೆ ಬಾಯಿಗಿಟ್ಟು ಊದಿದ. ಉಸಿರಿನ ಬಿರುಸು ಅಳೆಯಲೆಂದು ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಹೈದರಾಬಾದಿನಿಂದ ರಾಯಚೂರಿನ ದವಾಖಾನೆಗೆ ತರಿಸಿದ್ದ ಹೊಸ ಮೀಟರು. ಮುಳ್ಳು ಸರ್ರನೆ ತುದಿ ಮುಟ್ಟಿತು. ಮೌನಪ್ಪನ ಮೀಸೆಯಡಿ ನಗು ಮೂಡಿತು. ಡಾಕ್ಟರ ಮುಖ ಮಾತ್ರ ಇನ್ನಷ್ಟು ಗಂಟಾಯಿತು.

ಬೆಳಿಗ್ಗೆ ಅವನ ರಕ್ತವನ್ನು ಸಪೂರ ಗಾಜಿನ ನಳಿಕೆಯಲ್ಲಿ ನಿಲ್ಲಿಸಿಟ್ಟಿದ್ದರು. ಒಳಗೆ ಉರಿಯೂತ ಇದ್ದವರ ರಕ್ತದ ಕೆಂಪು ಬೇಗ ತಳಕ್ಕಿಳಿಯುತ್ತದಂತೆ. ಮೌನಪ್ಪನದು ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿದುಬಿಟ್ಟಿತ್ತು.

"ರಕ್ತ ನೋಡಿದ್ರ ನಿಮ್ಮ ಕೆಮ್ಮಿನ ಹಿಂದ ಎದ್ಯಾಗ ಉರಿ ಕುಂತದ. ಹಂಗಿದ್ರ ಉಸಿರು ಕಮ್ಮಿ ಆಗಬೇಕು. ನಿಮ್ಮದು ಪೈಲ್ವಾನರ ಉಸಿರು! ಯಾವುದು ನಂಬಲಿ ನಾನು?"

ಮೌನಪ್ಪನಿಗೂ ತಲೆ ಬುಡ ತಿಳಿಯಲಿಲ್ಲ. ಚಿನ್ನಕ್ಕಾದರೆ ಒಂದೇ ಒರೆಗಲ್ಲು, ಅದು ಹೇಳಿದ್ದೇ ಮಾತು. ಇಲ್ಲಿ ಒಬ್ಬ ಮನುಷ್ಯನಿಗೆ ಎರಡು, ಅವೂ ಒಂದಕ್ಕೊಂದು ಮುಖ ತಿರುಗಿಸಿ ಕೂತಿವೆ. ದವಾಖಾನೆಯ ಮೆಟ್ಟಿಲು ಹತ್ತುವಾಗ ಏದುಸಿರು ಬಂದದ್ದು ನಿಜ. ಆದರೆ ಊದುವುದರಲ್ಲಿ ಅವನನ್ನು ಮೀರಿಸುವವರು ಮಾನ್ವಿಯ ಬಜಾರಿನಲ್ಲಿ ಯಾರಿದ್ದಾರೆ? ಅವನು ಊದುಗೊಳವೆಯಿಂದ ದೀಪದ ಉರಿಯನ್ನು ಚಿನ್ನದ ಮೇಲೆ ಹಾಯಿಸಿದರೆ ಬೆಸುಗೆ ಮುಗಿಯುವತನಕ ಆ ಉರಿ ಅಲುಗುತ್ತಿರಲಿಲ್ಲ.

"ಉಸಿರು ಗಟ್ಟಿ ಅದ ಅಂದಮ್ಯಾಗ ಸಂಜಿ ಬಸ್ಸಿಗೆ ಹೋಗ್ತೀವ್ರಿ. ಹಿರೇಕೊಟ್ನೆಕಲ್ ಊರಾಗಿನ ಮದಿವಿಗೆ ತಾಳಿ ಕೊಡಬೇಕು," ಎಂದ.

"ತಾಳಿ ಅಂತ ತಾಳಿ! ಮೂಗಿನಾಗ ಉಸಿರು ಎಳಕೊಂತ, ಗಲ್ಲ ಉಬ್ಬಿಸಿ ಊದಾದು ಬಿಟ್ರ ಮತ್ತೇನ್ ಗೊತ್ತದ ನಿನಗ?" ಹೆಂಡತಿ ಕಾಳಮ್ಮ ಗದರಿದಳು. ಅವಳಿಗೆ ಅಳು ಬಂದಿತ್ತು.

ಡಾಕ್ಟರ್ ತಟ್ಟನೆ ತಲೆಯೆತ್ತಿದರು. "ಏನಂದಿ ಯವ್ವಾ, ಗಲ್ಲಾ? ಬಾ, ಅವರ ಎರಡೂ ಗಲ್ಲ ಒತ್ತಿ ಹಿಡಿ."

ಪರರೆದುರು ಗಂಡನ ಮುಖ ಮುಟ್ಟಲು ಕಾಳಮ್ಮನಿಗೆ ನಾಚಿಕೆ. ಆದರೂ ಸೆರಗು ಸಿಕ್ಕಿಸಿ, ಅಂಗೈಗಳಿಂದ ಗಟ್ಟಿಯಾಗಿ ಒತ್ತಿದಳು. ಮೌನಪ್ಪ ಎದೆಯಲ್ಲಿದ್ದುದನ್ನೆಲ್ಲ ಕೂಡಿಸಿ ಊದಿದ. ಮುಳ್ಳು ಚೂರು ಕದಲಿ ಬುಡದಲ್ಲೇ ನಿಂತಿತು. ಹಿಂದೆಯೇ ಕೆಮ್ಮು ಒತ್ತರಿಸಿ ಬಂತು.

"ರಕ್ತ ಖರೇನ ಹೇಳಿತ್ತು. ಮೊದಲು ಊದಿದ್ದೆಲ್ಲ ಗಲ್ಲದಾಗ ತುಂಬಿದ್ದ ಗಾಳಿ, ಎದಿ ಉಸಿರಲ್ಲ," ಡಾಕ್ಟರ್ ಮೆಲ್ಲಗೆ ಹೇಳಿದರು. "ಇವತ್ತ ಮಾನ್ವಿಗೆ ಹೋಗಂಗಿಲ್ಲ. ಇಲ್ಲೇ ಇದ್ದು ಔಷಧ ತಗೋಬೇಕು."

ಮೌನಪ್ಪ ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹಂಗಾದ್ರ ಇಷ್ಟು ವರ್ಷ ನಾ ಊದಿದ್ದು ಉಸಿರಲ್ಲೇನ್ರೀ?"

ಕಾಳಮ್ಮ ಅವನ ಗಲ್ಲದ ಮೇಲಿನ ಕೈ ಇನ್ನೂ ತೆಗೆದಿರಲಿಲ್ಲ.