ಮೂವತ್ತು ಅಡಿ ಎತ್ತರ

ರೇಡಿಯೋ ಎಲ್ಲೆಲ್ಲಿ ಕೇಳಿಸುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಬರೆದ ನಕ್ಷೆಯಲ್ಲಿ ಹೊಳೆದಂಡೆಯ ಆ ಊರಿಗೆ ಮೊದಲಿನಿಂದಲೂ ಹಸಿರು ಬಣ್ಣ. ಅದು ನಿಜವೇ ಎಂದು ನೋಡಲು ಎಂಜಿನಿಯರ್ ವ್ಯಾನಿನಲ್ಲಿ ಬಂದಿದ್ದ. ಹುಣಸೆಮರದ ಕೆಳಗೆ ಕುಳಿತಿದ್ದ ಹೆಂಗಸು ತಲೆಯಾಡಿಸಿದಳು.

“ಇಲ್ಲಿ ರೇಡಿಯೋ ಹಿಡಿಯೂದಿಲ್ರಿ ಸಾಹೇಬ್ರ. ಗುಡ್ಡ ಅಡ್ಡ ಐತಿ.”

“ಗುಡ್ಡಾನೂ ಲೆಕ್ಕಕ್ಕೆ ತಗೊಂಡಿದೀವಮ್ಮ. ಹಸಿರು ಅಂದ್ರೆ ಕೇಳಿಸ್ಲೇಬೇಕು.”

ಅವನು ರೇಡಿಯೋ ಹಚ್ಚಿದ. ಬರೀ ಗೊರಗೊರ.

“ಏರಿಯಲ್ ಮೂವತ್ತು ಅಡಿ ಎತ್ತರದಲ್ಲಿದೆ ಅಂದ್ಕೊಂಡು ಲೆಕ್ಕ ಹಾಕಿರ್ತೀವಿ, ಇರಿ,” ಎಂದು ವ್ಯಾನಿನ ಮೇಲಿನ ಏರಿಯಲ್ ಕಂಬವನ್ನು ಏರಿಸತೊಡಗಿದ. ಅದು ಮರದ ತುದಿಯ ಸಮಕ್ಕೆ ಬರುತ್ತಲೇ ಪೇಟೆಧಾರಣೆ ಓದುವ ದನಿ ಸ್ವಚ್ಛವಾಗಿ ಕೇಳಿಸಿತು. ಹೆಂಗಸು ದಡಕ್ಕನೆ ಎದ್ದು ನಿಂತಳು.

“ನೋಡಿದ್ರಾ? ನಕ್ಷೆ ತಪ್ಪಲ್ಲ.”

“ಖರೇರಿ. ಅಷ್ಟು ಮ್ಯಾಲೆ ಹಿಡೀತೈತಿ. ನಾ ಕೇಳೀನಿ.”

“ಅಷ್ಟು ಮೇಲೆ ನೀವು ಯಾಕೆ ಹತ್ತಿದ್ರಿ?”

“ಊರಾಗ ಹೊಳಿ ನೀರು ಬಂದ ವರ್ಷರಿ. ಡ್ಯಾಮಿನಿಂದ ನೀರು ಬಿಡೂ ಮೊದಲ ರೇಡಿಯೋದಾಗ ಹೇಳ್ತೀವಿ ಅಂದಿದ್ರು. ಇಡೀ ದಿನ ಹಚ್ಚಿ ಕೊರಳಿಗೆ ಹಾಕ್ಕೊಂಡಿದ್ದೆ. ಅದು ಬರೀ ಗೊರಗೊರ ಅಂತಿತ್ತು. ಮನಿ ಮುಳುಗಿದ ಮ್ಯಾಲೆ ಕೂಸಿನ್ನ ಎತ್ಕೊಂಡು ಇದ ಹುಣಸಿ ಗಿಡಾ ಹತ್ತಿದೆ. ನಡುವ ಕೂಸು ಕೈ ಜಾರಿತು. ನೀರು ಏರಿದಂಗೆಲ್ಲಾ ನಾನೂ ಏರಿದೆ. ತುದೀಗೆ ಮುಟ್ಟಿದಾಗ ರೇಡಿಯೋ ಮಾತಾಡಿತ್ರಿ.”

ಅವನ ಕೈ ಕಂಬದ ಮೇಲೇ ನಿಂತಿತ್ತು. “ಏನಂತ?”

“‘ನದಿ ದಂಡೆಯ ಜನರು ಮಕ್ಕಳೊಂದಿಗೆ ಕೂಡಲೇ ಎತ್ತರದ ಜಾಗಕ್ಕೆ ತೆರಳಬೇಕು’ ಅಂತ.”