ಸಾಯದವರ ಪಲ್ಟನ್

ಹಿಮ ಕುಸಿದು ಬಂಕರ್ ಮುಚ್ಚಿಹೋಗಿತ್ತು. ಒಳಗೆ ಉಸಿರಾಡುತ್ತಿದ್ದವರು ಇಬ್ಬರೇ. ತೊಲೆಯಡಿ ಕಾಲು ಸಿಕ್ಕಿಕೊಂಡ ಹವಾಲ್ದಾರ, ಮತ್ತು ಈಚೆಗಷ್ಟೇ ಪಲ್ಟನ್ ಸೇರಿದ್ದ ಸಿಪಾಯಿ ಬಾಳಪ್ಪ. ಮೇಲೆ ಅಗೆಯುವ ಸದ್ದು ಇವರಿಗೆ ಕೇಳುತ್ತಿತ್ತು. ಇವರು ಎಷ್ಟು ಕಿರುಚಿದರೂ ಮೇಲಿನವರಿಗೆ ಕೇಳುತ್ತಿರಲಿಲ್ಲ.

ಈಗ ಆ ಸದ್ದೂ ನಿಂತಿತು.

“ಸಾಹೇಬ್ರ, ನಮ್ಮನ್ನ ಬಿಟ್ಟು ಹೋದ್ರೇನ್ರಿ?”

“ಹುಚ್ಚನ ಹಂಗ ಮಾತಾಡಬ್ಯಾಡ. ಸಾಯದವರ ಪಲ್ಟನ್ ಅಂತ ನಮಗ ಸುಮ್ನ ಹೆಸರು ಬಂದಿಲ್ಲ.”

“ಮತ್ತ ಹೆಂಗ ಬಂತ್ರಿ?”

ಮಾತಾಡಿಸುತ್ತಿದ್ದರೆ ಇವನು ನಿದ್ದೆಗೆ ಜಾರಲಾರ ಎಂದುಕೊಂಡು ಹವಾಲ್ದಾರ ಏದುಸಿರಲ್ಲೇ ಹೇಳಿದ. “ನಮ್ಮೊಳಗ ಯಾರರ ಸತ್ರ ಪಟ್ಟಿಯಿಂದ ಅವನ ಹೆಸರು ತಗಿಯೂದಿಲ್ಲ. ಹಾಜರಿ ಹೊತ್ತಿಗೆ ಅವನ ಹೆಸರೂ ಕೂಗ್ತಾರ. ಅವನ ಬದ್ಲಿ ಇಡೀ ಪಲ್ಟನ್ ‘ಹಾಜರ್’ ಅಂತೈತಿ.”

“ಚಲೋ ಪದ್ಧತಿ ಬಿಡ್ರಿ,” ಎಂದು ಬಾಳಪ್ಪ ನಗಲು ನೋಡಿದ. ತುಟಿ ಮರಗಟ್ಟಿತ್ತು.

ಅಷ್ಟರಲ್ಲಿ ಮೇಲಿನಿಂದ ಸುಬೇದಾರರ ಗಟ್ಟಿ ದನಿ ಇಳಿದು ಬಂತು. “ಸಿಪಾಯಿ ಬಾಳಪ್ಪ ಹೊಸಮನಿ!”

“ಸಾಹೇಬ್ರ, ನನ್ನ ಹೆಸರ್ರಿ! ನನ್ನ ಕರ್ಯಾಕತ್ತಾರ್ರಿ!”

ಹವಾಲ್ದಾರ ಕತ್ತಲಲ್ಲಿ ಅವನ ಕಿವಿ ಮುಚ್ಚಲು ಕೈ ಚಾಚಿದ. ಕೈ ಎಟುಕಲಿಲ್ಲ.

ಬಾಳಪ್ಪ ಉಳಿದಿದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಕೂಗಿದ. “ಹಾಜರ್!”

ಅದೇ ಗಳಿಗೆಗೆ ಮೇಲೆ ಇಡೀ ಪಲ್ಟನ್ ಒಂದೇ ದನಿಯಲ್ಲಿ ಕೂಗಿತು. “ಹಾಜರ್!”