ಗಂಭೀರ ಸ್ವಭಾವದ ಜನ

“ನನ್ನ ಸಂಶೋಧನೆ ತಪ್ಪು ಅಂತ ನನ್ನ ಮುಖಕ್ಕೇ ಹೇಳಿ, ನನ್ನ ಕೈಕೆಳಗೇ ಪಿಎಚ್.ಡಿ. ಮಾಡ್ತೀಯೇನಮ್ಮ?” ಎಂದರು ಪ್ರೊಫೆಸರ್ ಮಕಾಮೆ. ದಾರ್ ಎಸ್ ಸಲಾಮಿನ ಸೆಕೆಗೆ ಅವರ ಕೋಣೆಯ ಫ್ಯಾನು ತಿರುಗುತ್ತಿತ್ತೇ ಹೊರತು ಗಾಳಿ ಬೀಸುತ್ತಿರಲಿಲ್ಲ.

“ಪೂರ್ತಿ ತಪ್ಪು ಅಂದಿಲ್ಲ ಸಾರ್,” ಎಂದಳು ಡಾಕ್ಟರ್ ಅನಾಯೆಲಿ ಎಂಬಿಸೆ. “ಕೊನೇ ಪುಟ ಮಾತ್ರ.”

“ಆ ಕೊನೇ ಪುಟಕ್ಕೇ ನಂಗೆ ಈ ಕುರ್ಚಿ ಸಿಕ್ಕಿದ್ದು.”

ದಂತವೈದ್ಯದಲ್ಲಿ ಪಿಎಚ್.ಡಿ. ಸೇರಲು ಬೇಕಾದದ್ದೆಲ್ಲ ಅವಳ ಬಳಿ ಇತ್ತು: ಸ್ನಾತಕೋತ್ತರ ಪದವಿ, ಜಿಲ್ಲಾ ಆಸ್ಪತ್ರೆಯಲ್ಲಿ ಹಲ್ಲು ಕಿತ್ತ ಅನುಭವ, ಚೊಕ್ಕವಾಗಿ ಬರೆದ ಸಂಶೋಧನೆಯ ರೂಪುರೇಷೆ. ಇಲ್ಲದ್ದೆಂದರೆ ‘ಇವಳನ್ನು ನಾನು ತೆಗೆದುಕೊಳ್ಳುತ್ತೇನೆ’ ಎನ್ನುವ ಗುರು. ಗುರು ಒಪ್ಪದ ಅರ್ಜಿಯನ್ನು ವಿಶ್ವವಿದ್ಯಾಲಯ ಮೂಸಿಯೂ ನೋಡುವುದಿಲ್ಲ. ಅವಳ ವಿಷಯಕ್ಕೆ ಇದ್ದ ಗುರು ಮಕಾಮೆ ಒಬ್ಬರೇ. ದೇಶದ ಉತ್ತರಕ್ಕಿರುವ ಮೇರು ಪರ್ವತದ ತಪ್ಪಲಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಕುಡಿದು ಬೆಳೆದವರ ಹಲ್ಲು ಎಷ್ಟು ಉಜ್ಜಿದರೂ ಕಂದು. ಹಿಂದೊಮ್ಮೆ ಮಕಾಮೆ ಕ್ಯಾಮೆರಾ ಹೊತ್ತು ಅಲ್ಲಿಗೆ ಹೋಗಿ, ಮನೆಮನೆಯಲ್ಲೂ ‘ಸ್ವಲ್ಪ ನಗಿ’ ಎಂದು ಕೇಳಿಕೊಂಡಿದ್ದರು. ಹೆಚ್ಚಿನವರು ನಗಲಿಲ್ಲ. ‘ಇಲ್ಲಿನವರು ಗಂಭೀರ ಸ್ವಭಾವದ ಜನ, ಹಲ್ಲಿನ ಬಣ್ಣ ಅವರಿಗೆ ಚಿಂತೆಯ ವಿಷಯವಲ್ಲ’ ಎಂದು ಕೊನೆಯ ಪುಟದಲ್ಲಿ ಬರೆದರು. ಅನಾಯೆಲಿ ಹುಟ್ಟಿದ್ದು ಆ ಗಂಭೀರ ಜನರ ನಡುವೆಯೇ.

ಅವಳ ಹಲ್ಲೂ ಕಂದು. “ಹೋಗೋ ಮೊದಲು ಮುಂದಿನ ಹಲ್ಲಿಗಾದ್ರೂ ಬಿಳೀ ಕವಚ ಹಾಕಿಸ್ಕೊಳ್ಳೇ ಮಾರಾಯ್ತಿ,” ಎಂದು ಜೊತೆಯ ವೈದ್ಯೆ ಅಂಗಲಾಚಿದ್ದಳು. “ಬೋಳುತಲೆಯವನು ಕೂದಲೆಣ್ಣೆ ಮಾರೋಕೆ ಹೋದ ಹಾಗಿರುತ್ತೆ.” ಅನಾಯೆಲಿ ಇದ್ದ ಹಲ್ಲಿನಲ್ಲೇ ಬಂದಿದ್ದಳು.

“ಅವರು ನಗಲ್ಲ ಅಂತಲ್ಲ ಸಾರ್. ಬಿಳೀ ಹಲ್ಲಿನವರು ನಗಿಸಿದ್ರೆ ಬಾಯಿ ಮುಚ್ಕೋತಾರೆ. ನನ್ನಂಥವಳು ಮೊದಲು ಹಲ್ಲು ಬಿಟ್ರೆ, ಅವರೂ ಬಿಡ್ತಾರೆ.”

“ಆಧಾರ? ಸಂಶೋಧನೆ ಅಂದ್ರೆ ಅಜ್ಜಿ ಕತೆ ಅಲ್ಲ ಮಗಳೇ,” ಎಂದರು ಮಕಾಮೆ. ಅವರ ಹಲ್ಲು ಆಗ ತಾನೇ ಒಡೆದ ತೆಂಗಿನಕಾಯಿಯ ಹಾಗೆ ಬೆಳ್ಳಗಿತ್ತು.

ಅಷ್ಟರಲ್ಲಿ ಶುಂಠಿ ಚಹಾ, ಎಣ್ಣೆಯಲ್ಲಿ ಕರಿದ ಮಂದಾಜಿ ಬನ್ನು ಹಿಡಿದು ಕಾಯಾ ಅಮ್ಮ ಬಂದರು. ಆ ಕಚೇರಿಯ ಹಳೆಯ ಸಹಾಯಕಿ, ಮೇರು ಕಡೆಯವರೇ. ಭುಜದ ಮೇಲಿನ ಕಾಂಗಾ ಬಟ್ಟೆಯ ಅಂಚನ್ನು ತುಟಿಗೆ ಹಿಡಿದುಕೊಂಡು ಹೂಂ, ಉಹೂಂಗಳಲ್ಲೇ ದಿನ ಮುಗಿಸುವ ಹೆಂಗಸು.

“ನೋಡು, ನನ್ನ ಕೊನೇ ಪುಟಕ್ಕೆ ನಡೆದಾಡೋ ಸಾಕ್ಷಿ,” ಎಂದರು ಮಕಾಮೆ. “ನನ್ನ ತಲೆ ಕಪ್ಪಗಿದ್ದಾಗಿಂದ ಇವರ ಕೈಯ ಚಹಾ ಕುಡೀತಿದ್ದೀನಿ. ಒಂದು ದಿನ ನಕ್ಕಿದ್ದು ಕಂಡಿಲ್ಲ.”

ಅನಾಯೆಲಿ ಎದ್ದು, ಹಿರಿಯರಿಗೆ ನಮಸ್ಕಾರ ಸಲ್ಲಿಸುವಂತೆ ತಲೆಬಾಗಿ ‘ಶಿಕಮೋ’ ಎಂದಳು. ಆಮೇಲೆ ಬಾಯಿ ತುಂಬ ಹಲ್ಲು ಬಿಟ್ಟು, ತಮ್ಮ ಬೆಟ್ಟದ ಭಾಷೆಯಲ್ಲಿ ಕೇಳಿದಳು: “ಅಮ್ಮಾ, ನೋಡಿ ಹೇಳಿ, ನಾನು ಯಾವ ತೊರೆ ನೀರು ಕುಡಿದವಳು?”

ಕಾಯಾ ಅಮ್ಮ ಸಂತೆಯಲ್ಲಿ ಬಾಳೆಗೊನೆ ಪರೀಕ್ಷಿಸುವವರಂತೆ ಬಗ್ಗಿ ನೋಡಿದರು. “ಮೇಲಿನ ತೊರೆ. ಇದೇನು ಮಹಾ ಬಿಡೇ! ನಮ್ದು ಕೆಳಗಿನ ತೊರೆ, ಹುರಿದ ಕಾಫಿಬೀಜದ ಬಣ್ಣ. ಹೆಣ್ಣು ಕೇಳೋಕೆ ಮುಸ್ಸಂಜೇಲಿ ಬಂದ ನಮ್ಮ ಯಜಮಾನ್ರು ನನ್ನ ಬಾಯಲ್ಲಿ ಹಲ್ಲೇ ಇಲ್ಲ ಅಂದ್ಕೊಂಡ್ರಂತೆ. ಹಲ್ಲಿಲ್ದೋಳು ಕಚ್ಚಲ್ಲ ಅಂತ ಧೈರ್ಯ ಮಾಡಿ ಒಪ್ಕೊಂಡ್ರು!”

“ಆಮೇಲೆ?”

“ಆಮೇಲೇನು, ಕಚ್ಚಿದೆ!”

ಇಬ್ಬರೂ ಗೊಳ್ಳೆಂದು ನಕ್ಕರು. ತಟ್ಟೆಯ ಮೇಲೆ ಲೋಟಗಳು ಕುಣಿದವು. ಕಾಂಗಾ ಜಾರಿ ಮೊಣಕೈಗೆ ಬಂದಿತ್ತು. ಕಾಯಾ ಅಮ್ಮನಿಗೆ ಅದರ ಪರಿವೆಯಿರಲಿಲ್ಲ. ಒಂದೂ ಉದುರದ, ಸಾಲಾಗಿ ನಿಂತ, ಕಡುಕಂದು ಹಲ್ಲುಗಳು.

ಪ್ರೊಫೆಸರ್ ಕನ್ನಡಕ ಏರಿಸಿದರು. “ಏನಂದ್ರು?”

“ತವರಿನ ಮಾತು ಸಾರ್. ಗಂಡಸರಿಗೆ ಹೇಳೋ ಹಾಗಿಲ್ಲ.”

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಸಿಡುಕಿ ಬಾಗಿಲು ತೋರಿಸುತ್ತಿದ್ದರು. ಮಕಾಮೆ ತಮ್ಮ ಸೋಲನ್ನೂ ಒಮ್ಮೆ ಪರೀಕ್ಷಿಸಿ ನೋಡದೆ ಒಪ್ಪುವವರಲ್ಲ. ಅವರ ದೊಡ್ಡತನ ಇದ್ದದ್ದೇ ಅಲ್ಲಿ. “ಕಾಯಾ ಅಮ್ಮ, ನಮ್ಮ ಜಾಂಜಿಬಾರಿನ ಜೋಕೂ ಒಂದು ಕೇಳಿ,” ಎಂದು ಸ್ವಾಹಿಲಿಯಲ್ಲಿ ಶುರುಮಾಡಿದರು. ಒಬ್ಬ ಜಿಪುಣ ಅಗ್ಗಕ್ಕೆ ಸಿಕ್ಕಿತೆಂದು ಆಕ್ಟೋಪಸ್ ಕೊಂಡ. ಮನೆಗೆ ಬಂದು ಅದರ ಕಾಲು ಎಣಿಸಿದ. ಇಷ್ಟು ಕಾಲಿಗೆ ಚಪ್ಪಲಿ ಕೊಡಿಸೋದು ಯಾರು ಅಂತ ಓಡಿಹೋಗಿ ವಾಪಸ್ ಕೊಟ್ಟ.

ಚೆನ್ನಾಗಿಯೇ ಹೇಳಿದರು. ಕಾಯಾ ಅಮ್ಮ ನಿಜವಾಗಿಯೇ ನಕ್ಕರು, ಹೆಗಲು ಕುಲುಕುವಷ್ಟು. ಆದರೆ ನಗು ಹೊರಡುವ ಮೊದಲೇ ಕಾಂಗಾದ ಅಂಚು ತುಟಿಯ ಮೇಲೆ ಹೋಗಿ ಕೂತಿತ್ತು.

ಪ್ರೊಫೆಸರ್ ಆ ಅಂಚನ್ನೇ ಒಂದಷ್ಟು ಹೊತ್ತು ನೋಡಿದರು. ಚಹಾ ಕೆನೆಗಟ್ಟಿತು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಅರ್ಜಿಯನ್ನು ತಮ್ಮತ್ತ ಎಳೆದುಕೊಂಡರು.

“ಮೊದಲ ಸಾಲಲ್ಲೇ ನನ್ನ ಹೆಸರು ಹಾಕಿ, ಮಕಾಮೆ ತಪ್ಪಿದ್ದು ಇಲ್ಲಿ ಅಂತ ಬರಿ. ಮೆತ್ತಗೆ ಬರೆದ್ರೆ ವಾಪಸ್ ಕಳಿಸ್ತೀನಿ,” ಎಂದರು ಸಹಿ ಹಾಕುತ್ತ. ಅನಾಯೆಲಿ ಅರ್ಜಿ ಎತ್ತಿಕೊಂಡಳು.

“ಹೋಗಿ, ಇಬ್ಬರೂ ಹೊರಗೆ ಹೋಗಿ ನಗಿ. ಬಾಗಿಲು ಮಾತ್ರ ತೆಗೆದಿರಲಿ.”